ಹುಲ್ಲಿನ ಮೇಲೆ ಹಾಸಿದ ಕಾರ್ಪೆಟ್

ಗಲ್ಫಿನ ಈ ಮರಳೂರು ಅವಾಲಿಯ ನಮ್ಮ ಲಾನ್ ಬೌಲಿಂಗ್ ಕ್ಲಬ್ಬು ಹುಟ್ಟಿದ ಕಥೆ ಬರೆದುಕೊಡಿ ಎಂದು ಈಗಿನ ಕಾರ್ಯದರ್ಶಿ ನನ್ನ ಬೆನ್ನು ಬಿದ್ದಿದ್ದಾರೆ. ‘ಸ್ವಲ್ಪ ಪಾಸಿಟಿವ್ ಆಗಿ ಬರೀರಿ ಮೇಡಂ’ ಎಂದೂ ಸೇರಿಸಿದರು. ಅವರು ಬೆಂಗಳೂರಿನವರು, ಹುಲ್ಲು ಹಸಿರಾದ ಮೇಲೆ ಬಂದು ಸೇರಿದವರು. ಅವರಿಗೆ ಬೇಕಾದ್ದನ್ನು ಬೇರೆ ಯಾರಾದರೂ ಬರೆಯಲಿ. ನನಗೆ ಗೊತ್ತಿರುವುದು ಇಷ್ಟೇ.

ಕ್ಲಬ್ಬಿನ ಹುಚ್ಚು ಹಿಡಿದದ್ದು ನನ್ನ ಗಂಡನಿಗೆ. ಆಗಲೇ ಅವರ ಕಣ್ಣಿಗೆ ಅಂಚುಗಳಿಂದ ಕತ್ತಲು ಕವಿಯತೊಡಗಿತ್ತು. ಈ ಚಳಿಗಾಲದವರೆಗೆ ಕಣ್ಣು ಕಾಣಬಹುದು, ಮುಂದಿನದ್ದು ಹೇಳಲಾರೆ ಎಂದಿದ್ದರು ಡಾಕ್ಟರು. ಶಟಲ್ ಕಾಕ್ ಕಾಣದೆ ಬ್ಯಾಡ್ಮಿಂಟನ್ ಬಿಟ್ಟಿದ್ದರು. ಲಾನ್ ಬೌಲಿಂಗಿನಲ್ಲಿ ದೂರದ ಪುಟ್ಟ ಬಿಳಿ ಚೆಂಡಿನ ಹತ್ತಿರ ನಿಲ್ಲುವಂತೆ ದೊಡ್ಡ ಚೆಂಡನ್ನು ಉರುಳಿಸಬೇಕು. ದೊಡ್ಡದರ ತೂಕ ಒಂದು ಬದಿಗೆ ಹೆಚ್ಚು, ಹಾಗಾಗಿ ಅದು ನೇರ ಹೋಗದೆ ಬಾಗಿ ಹೋಗುತ್ತದೆ.

‘ನಿಧಾನದ ಆಟ ಮಾರಾಯ್ತಿ, ನನ್ನ ಕಣ್ಣಿಗೆ ಅದರ ಹಿಂದೆ ಹೋಗ್ಲಿಕ್ಕೆ ಆಗ್ತದೆ’ ಎನ್ನುತ್ತಿದ್ದರು. ‘ಹುಲ್ಲಿನ ಮೇಲೆ ಅದು ಬಾಗುವುದನ್ನು ಒಮ್ಮೆ ನೋಡ್ಬೇಕು ನಂಗೆ.’

ಕ್ವಾರ್ಟರ್ಸಿನ ಹಿಂದಿನ ಬಯಲಿಗೆ ಮಣ್ಣು ಬಂತು, ಟ್ಯಾಂಕರಿನಲ್ಲಿ ನೀರು ಬಂತು. ಆಫೀಸು ಮುಗಿಸಿ ಬಂದ ಗಂಡಸರು ಹುಲ್ಲು ನೆಟ್ಟರು, ಹೆಂಗಸರು ಕಲ್ಲು ಹೆಕ್ಕಿದೆವು. ಚಳಿಗಾಲ ಮುಗಿಯುವ ಹೊತ್ತಿಗೆ ನೆಲ ಸಮನಾಗಿ, ಹಸಿರಾಗಿ ನಿಂತಿತು. ‘ಒಂದು ಸಲ ಉರುಳಿಸಿ ನೋಡಿ, ಯಾರು ಕೇಳ್ತಾರೆ?’ ಎಂದೆ. ಕೇಳಬೇಕಲ್ಲ ಅವರು! ಉದ್ಘಾಟನೆಗೆ ಮೊದಲು ಆಡಿದರೆ ಎಂತ ಶಾಸ್ತ್ರ, ಮೊದಲ ಚೆಂಡು ಅತಿಥಿಗಳದ್ದು ಎಂದು ಹಠ ಹಿಡಿದರು.

ಅತಿಥಿ ಎಂದರೆ ನಮ್ಮ ಕಡೆಯವರಿಗೆ ತಲೆಯೇ ನಿಲ್ಲುವುದಿಲ್ಲ. ದೊಡ್ಡವರ ಬೂಟಿಗೆ ಕೆಸರು ತಾಗಬಾರದಂತೆ. ಇಲ್ಲಿಯ ಹೂರಾ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಉಳ್ಳಾಲ ಕಡೆಯ ಸಾಹೇಬರೊಬ್ಬರು ಕೇಳಿದ ಕೂಡಲೇ ಪಿಕಪ್ ತುಂಬ ಕೆಂಪು ಕಾರ್ಪೆಟ್ ಕಳಿಸಿಕೊಟ್ಟರು. ಆಗಷ್ಟೇ ನೀರು ಹಾಕಿದ್ದ ಹುಲ್ಲಿನ ಮೇಲೆ ಎಲ್ಲರೂ ಸೇರಿ ಅದನ್ನು ಹಾಸಿದರು. ಅಷ್ಟರಲ್ಲಿ ಅತಿಥಿಯಿಂದ ಫೋನು: ಎರಡು ದಿನ ತಡವಾಗುತ್ತದೆ. ಮತ್ತೆ ಯಾರು ಸುತ್ತಿ ಮತ್ತೆ ಯಾರು ಹಾಸುವುದು ಎಂದು ಹಾಗೆಯೇ ಬಿಟ್ಟರು. ಆ ಎರಡು ದಿನ ಬಿಸಿಲೋ ಬಿಸಿಲು.

ಕಾರ್ಪೆಟ್ ಎತ್ತಿದಾಗ ಕೊಳೆತ ವಾಸನೆ ಬಂತು. ಹುಲ್ಲು ಹಳದಿಯಾಗಿ ಬೆಂದು ಮಲಗಿತ್ತು, ಎಳೆದರೆ ಬೇರಿನ ಸಮೇತ ಕೈಗೆ ಬರುತ್ತಿತ್ತು.

‘ಒಳ್ಳೇದಕ್ಕೇ ಹಾಕಿದ್ದಲ್ವಾ ಅಕ್ಕ’ ಎಂದರು ಸಾಹೇಬರು, ಅಳುವ ಮುಖದಲ್ಲಿ.

ಒಳ್ಳೇದಕ್ಕೇ. ಯಾರ ಮೇಲೆ ಸಿಟ್ಟು ಮಾಡುವುದು? ಆದರೂ ಆ ಕಾರ್ಪೆಟ್ಟುಗಳಿಗೆ ಬೆಂಕಿ ಹಚ್ಚಬೇಕು ಅನಿಸಿತ್ತು ನನಗೆ, ಈಗಲೂ ಅನಿಸುತ್ತದೆ. ನನ್ನವರು ಮಂಡಿಯೂರಿ ನೆಲ ಸವರಿದರು. ‘ಪರವಾಗಿಲ್ಲ, ಮುಂದಿನ ಚಳಿಗಾಲಕ್ಕೆ ಬರ್ತದೆ’ ಎಂದು ಎಲ್ಲರಿಗೂ ಸಮಾಧಾನ ಹೇಳಿದರು. ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಮನೆಗೆ ಬಂದ ಮೇಲೆ ಊಟ ಬೇಡ ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಹುಲ್ಲು ಮುಂದಿನ ಚಳಿಗಾಲಕ್ಕೆ ಬಂತು. ಅಷ್ಟರಲ್ಲಿ ಅವರ ಕಣ್ಣು ಪೂರ್ತಿ ಹೋಗಿತ್ತು. ಈ ಸಲ ಅತಿಥಿ ಬೇಡ, ಮೊದಲ ಚೆಂಡು ನಿಮ್ಮದೇ ಎಂದು ಎಲ್ಲರೂ ಸೇರಿ ಒತ್ತಾಯ ಮಾಡಿದರು. ನಾನು ಕೈ ಹಿಡಿದು ಗೆರೆಯ ಹತ್ತಿರ ನಿಲ್ಲಿಸಿದೆ. ಅವರು ಹೆಬ್ಬೆರಳಿನಿಂದ ಚೆಂಡಿನ ಗುರುತು ಹುಡುಕಿ, ಭಾರದ ಬದಿಯನ್ನು ಒಳಕ್ಕೆ ಮಾಡಿ, ಬಗ್ಗಿ ಉರುಳಿಸಿದರು. ಕೈಬಿಟ್ಟ ಕೂಡಲೇ ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಅವರು ತಲೆ ಎತ್ತಿ, ‘ಚೆಂಡು ಇನ್ನೂ ನಿಲ್ಲಲೇ ಇಲ್ಲವಲ್ಲ, ಈಗಲೇ ಎಂತಕ್ಕೆ ಚಪ್ಪಾಳೆ?’ ಎಂದರು.

ತಟ್ಟುತ್ತಿದ್ದ ಕೈಗಳು ಕೆಳಗಿಳಿದವು. ಚೆಂಡು ಮೆಲ್ಲಗೆ ಬಾಗಿ, ಬಿಳಿ ಚೆಂಡಿನ ಪಕ್ಕ ಹೋಗಿ ನಿಂತಿತು.

‘ಬಾಗಿತಾ?’ ಎಂದು ನನ್ನನ್ನು ಕೇಳಿದರು.

‘ಬಾಗಿತು, ಬಿಳಿಯ ಹತ್ತಿರವೇ ನಿಂತಿದೆ’ ಎಂದು ಅವರ ಕೈ ಹಿಡಿದೆ.

‘ನೀನೂ ಸಮಾಧಾನ ಹೇಳ್ಲಿಕ್ಕೆ ಶುರು ಮಾಡಿದೆಯಾ’ ಎಂದು ಅವರು ಕೈ ಬಿಡಿಸಿಕೊಂಡರು.