ಮಾವನ ನೂಲು, ಮುಂಬಯಿಯ ರೈಲು

ಮುಂಬಯಿಗೆ ಹೋಗುವವರಿಗೆ ಬುದ್ಧಿ ಹೇಳುವ ಹಕ್ಕು ನಮ್ಮ ಬನಹಟ್ಟಿಯಲ್ಲಿ ಆಗ ಒಬ್ಬರಿಗೇ ಇತ್ತು. ಅವರು ನನ್ನ ಸೋದರಮಾವ. ಜೀವಮಾನದಲ್ಲಿ ಒಮ್ಮೆ ಮುಂಬಯಿಗೆ ಹೋಗಿ ಮೂರು ದಿನ ಇದ್ದು ಬಂದಿದ್ದರು. ಆ ಮೂರರಲ್ಲಿ ಎರಡು ದಿನ ನೀರು ಒಗ್ಗದೆ ಹೊಟ್ಟೆ ಕೆಟ್ಟು ಮಲಗಿದ್ದರೆಂಬುದು ನಮ್ಮ ಅತ್ತೆಗೆ ಮಾತ್ರ ಗೊತ್ತಿದ್ದ ಗುಟ್ಟು, ಅಂದರೆ ಊರಿಗೆಲ್ಲ ಗೊತ್ತಿದ್ದ ಗುಟ್ಟು. ಆದರೂ ರಬಕವಿ, ತೇರದಾಳ, ಒಮ್ಮೊಮ್ಮೆ ಜಮಖಂಡಿಯಿಂದಲೂ ಜನ ಬಂದು, ಮಾವನ ಮಗ್ಗದ ಪಕ್ಕ ಕೂತು, ಅಲ್ಲಿ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಕೇಳಿಕೊಂಡು ಹೋಗುತ್ತಿದ್ದರು. ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯಕ್ಕೆ ಸೇರಿದ ಮೇಲಂತೂ ಮಾವನ ಬೆಲೆ ಇನ್ನಷ್ಟು ಏರಿತು. ರಾಜಧಾನಿಯನ್ನೇ ಕಂಡುಬಂದವರಲ್ಲವೇ.

ಮಾವ ಮಗ್ಗ ನಿಲ್ಲಿಸುತ್ತಿರಲಿಲ್ಲ. ಲಾಳಿ ಆ ಕಡೆ ಈ ಕಡೆ ಓಡುತ್ತಿರುವಾಗಲೇ ಬುದ್ಧಿಮಾತು ಬರುತ್ತಿತ್ತು. ಎರಡಂತಸ್ತಿನ ಬಸ್ಸಿನಲ್ಲಿ ಕೆಳಗೆ ಕಿಟಕಿ ಪಕ್ಕ ಕೂರಬಾರದು, ಮೇಲಿನವರು ಎಲೆಅಡಿಕೆ ಉಗುಳುತ್ತಾರೆ. ರಸ್ತೆ ದಾಟಬೇಕಾದರೆ ಒಂದು ಎಮ್ಮೆ ಬರುವವರೆಗೆ ಕಾದು ಅದರ ಪಕ್ಕದಲ್ಲೇ ದಾಟಬೇಕು, ಮೋಟಾರಿನವರು ಮನುಷ್ಯರಿಗೆ ನಿಲ್ಲಿಸದಿದ್ದರೂ ಎಮ್ಮೆಗೆ ನಿಲ್ಲಿಸುತ್ತಾರೆ. ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲ ಅನ್ನಬಾರದು, ಹೊಸಬರೆಂದು ತಿಳಿದುಬಿಡುತ್ತದೆ. ಕೈ ಎತ್ತಿ ಯಾವ ಕಡೆಗಾದರೂ ತೋರಿಸಿ ಮುಂದೆ ಹೋಗಬೇಕು. ಈ ಕೊನೆಯ ಮಾತನ್ನು ಪಾಲಿಸಿದ ನಮ್ಮ ಭಾಗದವರಿಂದ ಮುಂಬಯಿಯಲ್ಲಿ ಎಷ್ಟು ಜನ ದಾರಿ ತಪ್ಪಿದರೋ ದೇವರೇ ಬಲ್ಲ.

ಎಲ್ಲಕ್ಕಿಂತ ಮಾವನಿಗೆ ಭಯವಿದ್ದದ್ದು ಅಲ್ಲಿನ ಲೋಕಲ್ ರೈಲಿನದು. ನಮ್ಮ ಕುಡಚಿಯಲ್ಲಿ ರೈಲು ಬಂದರೆ ಹತ್ತುವವರು ಹತ್ತಿ, ಕಳಿಸಲು ಬಂದವರು ಅತ್ತು, ಗಾರ್ಡ್ ಚಹಾ ಮುಗಿಸಿದ ಮೇಲೆ ಹೊರಡುತ್ತದೆ. ಅಲ್ಲಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಅರ್ಧ ಸಂಸಾರ ಒಳಗೆ, ಅರ್ಧ ಹೊರಗೆ. ಇದಕ್ಕೆ ಮಾವ ಒಂದು ಉಪಾಯ ಕಂಡುಹಿಡಿದಿದ್ದರು. ಒಂದು ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಸುರುಳಿ, ಜೊತೆಗಿಟ್ಟುಕೊಳ್ಳಬೇಕು. ಅದರ ನೂಲನ್ನು ಎಲ್ಲರ ಮಣಿಕಟ್ಟಿಗೂ ಸುತ್ತಿ, ಕಂಡಿಕೆಯನ್ನು ಹಿರಿಯರು ಹಿಡಿದು ಮುಂದೆ ನಡೆಯಬೇಕು. ನೇಕಾರರ ಊರಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಚೆನ್ನಾಗಿದೆ, ಆದರೆ ಗಂಜಿ ಹಾಕಿದ ನೂಲೇ ಆಗಬೇಕು ಎಂದು ಒಬ್ಬಿಬ್ಬರು ತಿದ್ದುಪಡಿ ಹೇಳಿದರು.

ಈ ಉಪಾಯದ ಪರೀಕ್ಷೆ ಆದದ್ದು ನನ್ನ ಮೇಲೆ. ನನಗೆ ಆಗ ಹದಿನೆಂಟು. ಎರಡು ಕಡೆಯವರು ನೋಡಿ ಹೋಗಿದ್ದರು. ಮೊದಲಿನವರು ಹುಡುಗಿ ಎತ್ತರ ಹೆಚ್ಚಾಯಿತು ಅಂದರು. ಎರಡನೆಯವರು ನಾಲಿಗೆ ಉದ್ದವಾಯಿತು ಅಂದರು. ಮೂರನೆಯದು ಮುಂಬಯಿಯ ಸಂಬಂಧ. ಮೂಲದಲ್ಲಿ ರಬಕವಿಯವರು, ಹನ್ನೆರಡು ವರ್ಷದ ಹಿಂದೆ ದಾದರಕ್ಕೆ ಹೋಗಿ ನಿಂತವರು. ಹುಡುಗ ಬಟ್ಟೆಯ ಮಿಲ್ಲಿನಲ್ಲಿದ್ದ. ಅವನಿಗೆ ರಜೆ ಸಿಗುವುದಿಲ್ಲ, ಹುಡುಗಿಯನ್ನೇ ಕರೆತಂದರೆ ಒಂದು ಐತವಾರ ನೋಡುತ್ತೇವೆ ಎಂದು ಅವನ ತಾಯಿ ಕಾಗದ ಬರೆಸಿದ್ದರು. ಹೆಣ್ಣನ್ನು ಗಂಡಿನ ಮನೆಗೆ ಹೊತ್ತುಕೊಂಡು ಹೋಗಿ ತೋರಿಸುವುದು ನಮ್ಮಲ್ಲಿ ಕೇಳರಿಯದ ಮಾತು. ನಮ್ಮ ಅಜ್ಜಿ ಎರಡು ದಿನ ಉಣ್ಣಲಿಲ್ಲ. ಮಾವ ಮಾತ್ರ ಕಾಲ ಬದಲಾಗಿದೆ ಎಂದು ವಾದಿಸಿ ಎಲ್ಲರನ್ನೂ ಒಪ್ಪಿಸಿದರು. ಕಾಲಕ್ಕಿಂತ ಅವರಿಗೆ ಮತ್ತೊಮ್ಮೆ ಮುಂಬಯಿ ಬೇಕಾಗಿತ್ತು.

ಇದೂ ತಪ್ಪಿದರೆ ಸಾವಳಗಿಯಲ್ಲಿ ಹೆಂಡತಿ ತೀರಿದವರೊಬ್ಬರ ಎರಡನೇ ಸಂಬಂಧ ಎಂದು ಅಪ್ಪ ಆಗಲೇ ತೀರ್ಮಾನಿಸಿದ್ದರು. ಆ ಮನುಷ್ಯ ಅಪ್ಪನ ಜೊತೆ ಒಂದೇ ಇಯತ್ತೆಯಲ್ಲಿ ಓದಿ, ಅಪ್ಪನ ಜೊತೆಯಲ್ಲೇ ನಾಪಾಸಾದವರು. ಮುಂಬಯಿಯ ಹುಡುಗನ ಫೋಟೋ ಬಂದಿತ್ತು. ಅದರಲ್ಲಿ ಅವನ ಒಂದು ಕಿವಿ ಇನ್ನೊಂದಕ್ಕಿಂತ ಸ್ವಲ್ಪ ಮುಂದೆ ಬಂದಿತ್ತು. ಏಕೆಂದು ಕೇಳಬೇಡಿ, ಆ ಕಿವಿ ನನಗೆ ಹಿಡಿಸಿಬಿಟ್ಟಿತ್ತು. ಅಜ್ಜಿಯ ಎದುರು ಮುಖ ಗಂಟಿಕ್ಕಿಕೊಂಡೇ ಇದ್ದೆ, ಒಳಗೊಳಗೆ ದೇವರಿಗೆಲ್ಲ ಹರಕೆ ಹೊತ್ತಿದ್ದೆ.

ಅಪ್ಪ, ಮಾವ, ನಾನು ಮೂವರೇ ಹೊರಟೆವು. ಕುಡಚಿಯಲ್ಲಿ ರೈಲು ಹತ್ತಿ, ಪುಣೆಯಲ್ಲಿ ಬದಲಿಸಿ, ಮುಂಬಯಿಯ ಭಾಯಖಳಾದಲ್ಲಿ ನಮ್ಮೂರಿನವರೊಬ್ಬರ ಕೋಣೆಯಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ನಾನು ಹೊಸ ಸೀರೆ ಉಟ್ಟು, ಹೂ ಮುಡಿದು ಸಿದ್ಧವಾದೆ. ದಾದರದ ಲೋಕಲ್ ಹಿಡಿಯಲು ಸ್ಟೇಶನ್ನಿಗೆ ಬಂದ ಮೇಲೆ ಮಾವ ಕೆಂಪು ನೂಲಿನ ಕಂಡಿಕೆ ತೆಗೆದು ಮೊದಲು ನನ್ನ ಕೈಗೆ, ನಂತರ ಅಪ್ಪನ ಕೈಗೆ ಕಟ್ಟಿ, ಕಂಡಿಕೆಯನ್ನು ತಮ್ಮ ಮುಷ್ಟಿಯಲ್ಲಿ ಹಿಡಿದರು. ಟಿಕೆಟ್ ಅವರವರದು ಅವರವರ ಹತ್ತಿರವೇ ಇರಬೇಕೆಂಬುದು ಅವರ ಇನ್ನೊಂದು ನಿಯಮ. ನನ್ನದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮಾವನ ಬುದ್ಧಿಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ರೈಲು ಬಂತು. ಹಿಂದಿನಿಂದ ಬಂದ ಜನರೇ ಅಪ್ಪನನ್ನೂ ಮಾವನನ್ನೂ ಎತ್ತಿ ಒಳಗೆ ಹಾಕಿದರು. ನನ್ನ ಮುಂದೆ ಒಬ್ಬ ದೊಡ್ಡ ಮನುಷ್ಯ ದೊಡ್ಡ ಟ್ರಂಕಿನೊಡನೆ ಅಡ್ಡ ನಿಂತ. ಅಷ್ಟರಲ್ಲಿ ರೈಲು ಅಲುಗಿತು. ಬೇರೆ ಯಾರೇ ಆಗಿದ್ದರೂ ಹಾರಿ ಕೆಳಗಿಳಿಯುತ್ತಿದ್ದರು, ಇಲ್ಲವೇ ನನ್ನ ಕೈ ಹಿಡಿದು ಎಳೆದುಕೊಳ್ಳುತ್ತಿದ್ದರು. ಆದರೆ ನಮ್ಮವರು ಹುಟ್ಟಾ ನೇಕಾರರು. ನೂಲು ಬಿಗಿಯಾದದ್ದೇ ತಡ, ಇಬ್ಬರ ಕಣ್ಣೂ ನನ್ನನ್ನು ಬಿಟ್ಟು ನೂಲಿನ ಮೇಲೆ ಹೋಯಿತು. ಅಪ್ಪ ಅವಸರದಿಂದ ತಮ್ಮ ಕೈಯ ಸುತ್ತು ಬಿಚ್ಚಿ ನೂಲಿಗೆ ದಾರಿ ಬಿಟ್ಟುಕೊಟ್ಟರು. ಮಾವ ಎರಡು ಬೆರಳಿನ ನಡುವೆ ಕಂಡಿಕೆ ಹಿಡಿದು, ಎಳೆ ತುಂಡಾಗದಂತೆ ನಯವಾಗಿ ಬಿಡುತ್ತಾ, ನಾನು ಸಡಿಲ ಕೊಡಬೇಕೆಂದು ಅಲ್ಲಿಂದಲೇ ಕೂಗುತ್ತಿದ್ದರು.

ನಾನೂ ಕಡಿಮೆಯವಳಲ್ಲ. ಕೈ ಮುಂದೆ ಚಾಚಿ, ನೂಲು ಹರಿಯದ ಹಾಗೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದೆ. ಎಳೆ ಕಡಿದರೆ ಬೈಸಿಕೊಂಡು ಬೆಳೆದ ಮಕ್ಕಳು ನಾವು. ಒಬ್ಬ ಪೇಪರಿನವನು ನೂಲಿಗೆ ಸಿಕ್ಕಿಕೊಂಡ, ಒಬ್ಬ ಮುದುಕನ ಟೊಪ್ಪಿಗೆ ಹಾರಿತು. ಪ್ಲಾಟ್‌ಫಾರ್ಮು ಮುಗಿಯಿತು. ರೈಲು ಮುಂದೆ ಹೋಗುತ್ತಲೇ ಇತ್ತು, ಕಂಡಿಕೆಯಲ್ಲಿ ನೂಲು ಇನ್ನೂ ಇತ್ತು. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆಯನ್ನು ಕಡಿದೆ. ಬೇಕೆಂದೇ ನಾನು ಕಡಿದ ಮೊದಲ ಎಳೆ ಅದು. ಎದೆ ಡವಡವ ಅನ್ನುತ್ತಿತ್ತು, ಸುಳ್ಳೇಕೆ ಹೇಳಲಿ, ತುಸು ಹಗುರವೂ ಆಯಿತು.

ತಪ್ಪಿಸಿಕೊಂಡವರು ನಿಂತಲ್ಲೇ ನಿಲ್ಲಬೇಕು ಎಂದು ಮಾವ ಹೇಳಿದ್ದರು. ನಿಂತರೆ ಹೊತ್ತು ಮೀರುತ್ತದೆ, ಹೊತ್ತು ಮೀರಿದರೆ ಸಾವಳಗಿ. ಹುಡುಗನ ತಾಯಿ ಬರೆಸಿದ ಕಾಗದವನ್ನು ಅಪ್ಪನಿಗೆ ಹತ್ತು ಸಲ ಓದಿ ಹೇಳಿದವಳು ನಾನೇ, ವಿಳಾಸ ಬಾಯಿಪಾಠವಾಗಿತ್ತು. ಮುಂದಿನ ರೈಲು ಬಂದಾಗ ಹೆಂಗಸರ ಡಬ್ಬಿಗೆ ಹತ್ತಿದೆ. ಅಲ್ಲಿ ಒಬ್ಬ ಮೀನು ಮಾರುವ ಹೆಂಗಸು ಬುಟ್ಟಿ ಸರಿಸಿ ನನಗೆ ಜಾಗ ಕೊಟ್ಟಳು. ನನ್ನ ಮರಾಠಿ ಬನಹಟ್ಟಿಯ ಸಂತೆಯ ಮರಾಠಿ. ಆದರೂ ಅವಳು ಎಲ್ಲ ಕೇಳಿ ತಿಳಿದುಕೊಂಡು, ನಕ್ಕು, ದಾದರದಲ್ಲಿ ಪ್ಲಾಟ್‌ಫಾರ್ಮು ಯಾವ ಬದಿಗೆ ಬರುತ್ತದೆಂದು ತೋರಿಸಿ, ಸಮಯಕ್ಕೆ ಸರಿಯಾಗಿ ಬೆನ್ನಿಗೆ ಕೈ ಕೊಟ್ಟು ಇಳಿಸಿದಳು. ಇಳಿದ ಮೇಲೆ ನೋಡಿದರೆ ಬುಟ್ಟಿಯ ನೀರು ಸೋರಿ ನನ್ನ ಹೊಸ ಸೀರೆಯ ನೆರಿಗೆಯೆಲ್ಲ ಮೀನು ನಾರುತ್ತಿತ್ತು. ನಮ್ಮವರೋ ಮೊಟ್ಟೆ ಕಂಡರೂ ಮೂಗು ಮುಚ್ಚಿಕೊಳ್ಳುವ ಮಂದಿ.

ವಠಾರದಂಥ ಆ ಚಾಳಿನ ಎರಡನೇ ಮಾಳಿಗೆಯ ಕೊನೆಯ ಬಾಗಿಲು ತೆರೆದವನು ಹುಡುಗನೇ. ಬನಿಯನ್ನು ತೊಟ್ಟಿದ್ದ, ಅರ್ಧ ಮುಖಕ್ಕೆ ಸಾಬೂನಿನ ನೊರೆ ಇತ್ತು. ಕಿವಿ ನೋಡಿ ಗುರುತು ಹಿಡಿದೆ. ಯಾರು ಬೇಕೆಂದು ಮರಾಠಿಯಲ್ಲಿ ಕೇಳಿದ.

"ಇವತ್ತ ನೋಡಾಕ ಒಂದ ಹುಡುಗಿ ಬರತಾಳಂತ ಹೇಳಿದ್ರಲ್ಲರೀ," ಅಂದೆ. "ಆಕಿನ ನಾನು. ತೋರಸವ್ರು ಹಿಂದಿಂದ ಬರಾಕತ್ತಾರ."

ಅವನು ಒಳಗೆ ಓಡಿದ. ಅವನ ತಾಯಿ ಹೊರಗೆ ಬಂದರು. ದುಂಡಗಿನ, ಮೆತ್ತಗಿನ ಹೆಂಗಸು. ಮೊದಲು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು, ಆಮೇಲೆ ಮೂಗು ಅರಳಿಸಿದರು. ನಾನು ನಿಂತಲ್ಲೇ ಎಲ್ಲ ಒದರಿಬಿಟ್ಟೆ. ಅವರು ನನ್ನನ್ನು ಒಳಗೆ ಕೂರಿಸಿ ಪ್ರಶ್ನೆ ಕೇಳತೊಡಗಿದರು. ಅಡುಗೆ ಬರುತ್ತದೆಯೇ ಎಂದಲ್ಲ, ಹಾಡು ಬರುತ್ತದೆಯೇ ಎಂದೂ ಅಲ್ಲ. ಯಾವ ಡಬ್ಬಿ ಹೆಂಗಸರದೆಂದು ಹೇಗೆ ತಿಳಿಯಿತು, ಸೇತುವೆ ಹತ್ತಿ ಯಾವ ಕಡೆ ಇಳಿದೆ, ದಾರಿಯನ್ನು ಯಾರ ಹತ್ತಿರ ಕೇಳಿದೆ, ಹೆದರಿಕೆ ಆಗಲಿಲ್ಲವೇ. ಇಂಥ ಪರೀಕ್ಷೆಗೆ ನಾನು ತಯಾರಾಗಿರಲಿಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ನಮ್ಮವರು ಬಂದಾಗ ಎರಡು ತಾಸು ಕಳೆದಿತ್ತು. ದಾದರದಲ್ಲಿ ಮಾವ ಒಂದು ಬದಿಯ ಬಾಗಿಲಿಗೆ ಅಂಟಿ ನಿಂತಿದ್ದರಂತೆ, ಪ್ಲಾಟ್‌ಫಾರ್ಮು ಇನ್ನೊಂದು ಬದಿಗೆ ಬಂತಂತೆ. ಹೀಗಾಗಿ ಕುರ್ಲಾದವರೆಗೆ ಹೋಗಿ, ಭಾಯಖಳಾಕ್ಕೆ ಮರಳಿ, ಅಲ್ಲಿ ನನ್ನನ್ನು ಹುಡುಕಿ, ಸಿಗದೆ ಇಲ್ಲಿಗೆ ಬಂದಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಸಿಕ್ಕ ನೂಲನ್ನೆಲ್ಲ ಮತ್ತೆ ಸುತ್ತಿಕೊಂಡಿದ್ದರು. ಮಾವ ನೂಲಿನ ತುದಿಯನ್ನು ಬೆಳಕಿಗೆ ಹಿಡಿದು, ಇದು ಹರಿದದ್ದಲ್ಲ, ಕಚ್ಚಿದ್ದು ಎಂದು ಎಲ್ಲರೆದುರು ತೀರ್ಪು ಕೊಟ್ಟರು. ಅಪ್ಪ ತಲೆ ತಗ್ಗಿಸಿ ಆ ತಾಯಿಗೆ ಕೈ ಮುಗಿದರು.

"ತಪ್ಪ ತಿಳ್ಕೋಬ್ಯಾಡ್ರಿ. ನಮ್ಮ ಹುಡುಗಿ ಹಿಂಗ ಒಬ್ಬಾಕಿನ ಅಡ್ಡಾಡಾಕಿ ಅಲ್ರಿ."

ಮೂರನೆಯ ಮನೆಯವರು ಏನೆಂದು ಬೇಡ ಅನ್ನುತ್ತಾರೆಂಬುದು ಆಗಲೇ ಕೇಳಿಸಿದಂತಾಯಿತು. ಆ ತಾಯಿ ಮೂವರು ಗಂಡಸರ ಮುಂದೆ ಅವಲಕ್ಕಿಯ ತಟ್ಟೆ ಇಟ್ಟು, ತಿನ್ನುತ್ತಿರಿ, ಈಕೆಯ ಜೊತೆ ಹೋಗಿ ಕಾಯಿಪಲ್ಲೆ ತರುತ್ತೇನೆ ಎಂದು ಚಪ್ಪಲಿ ಮೆಟ್ಟಿದರು.

ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡರು. ಬೇಡ ಅನ್ನುವ ಮಾತನ್ನು ಮೆತ್ತಗೆ ಹೇಳಲು ಹೊರಗೆ ಕರೆತಂದಿದ್ದಾರೆ ಅಂದುಕೊಂಡೆ. ಬೀದಿಗೆ ಬಂದ ಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು.

"ಇಲ್ಲಿ ಸಮುದ್ರ ಯಾವ ಕಡೆ ಐತಂತ ಯಾರನ್ನರೆ ಕೇಳತೀಯೇನವ್ವಾ?"

ಹೂ ಮಾರುವವಳನ್ನು ಕೇಳಿದೆ. ಅವಳು ಪಶ್ಚಿಮಕ್ಕೆ ಕೈ ತೋರಿಸಿ, ನೆಟ್ಟಗೆ ಹೋಗಿ ಅಂದಳು. ದಾರಿಯಲ್ಲಿ ಅವರೇ ಹೇಳಿದರು: ರಬಕವಿಯಿಂದ ಬಂದು ಹನ್ನೆರಡು ವರ್ಷವಾಯಿತು, ತರಕಾರಿಯ ಸಂತೆ ದಾಟಿ ಮುಂದೆ ಹೋಗಿಲ್ಲ. ಬರುವ ಐತವಾರ ಸಮುದ್ರ ತೋರಿಸುತ್ತೇನೆ ಎಂದು ಮೊದಲು ಗಂಡ ಹೇಳುತ್ತಿದ್ದರು, ಅವರು ಹೋದ ಮೇಲೆ ಮಗ ಹೇಳುತ್ತಿದ್ದಾನೆ. ಒಬ್ಬಳೇ ಹೋದರೆ ಕಳೆದುಹೋಗುತ್ತೀ ಎಂದು ಇಬ್ಬರೂ ಹೆದರಿಸಿಟ್ಟಿದ್ದರು.

ಅವರ ಮನೆಯಿಂದ ಸಮುದ್ರಕ್ಕೆ ಇಪ್ಪತ್ತು ನಿಮಿಷದ ದಾರಿ. ನಮ್ಮ ಮನೆಯಿಂದ ರಬಕವಿಯ ಸಂತೆಗೆ ಇದಕ್ಕಿಂತ ಹೆಚ್ಚು ನಡೆಯಬೇಕು. ನೀರು ಕಂಡಾಗ ಅವರು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲು ಮುಳುಗುವವರೆಗೆ ಹೋಗಿ ನಿಂತರು. ನನಗೆ ಅಳು ಬಂತು. ನಾನೂ ಅವರ ಪಕ್ಕ ಹೋಗಿ ನಿಂತೆ. ಬಹಳ ಹೊತ್ತಾದ ಮೇಲೆ, ಅಲ್ಲಿ ಎಲ್ಲರೂ ಕಾಯುತ್ತಿರುತ್ತಾರೆ, ಹೋಗೋಣವೇ ಎಂದು ನಾನೇ ಕೇಳಿದೆ.

"ಹೋಗಿ ಲಗ್ನಕ್ಕ ಒಪ್ಪಿಗಿ ಆತಂತ ಹೇಳೂಣು," ಅಂದರು. ಮುಖ ಸಮುದ್ರದ ಕಡೆಗೇ ಇತ್ತು. "ಆದ್ರ ಈಗ ಬ್ಯಾಡ. ಹನ್ನೆರಡ ವರ್ಷ ನಾ ಕಾದೇನಿ, ಒಂದೀಟ ಅವರೂ ಕಾಯಲಿ."