ಅಣ್ಣನ ಶುಕ್ರವಾರದ ಕೇಕು

ನನ್ನ ಅಣ್ಣ ಡಾಯ್ಲ್‌ಗೆ ಈಗ ನಲವತ್ತೆರಡು. ಟೈರ್ ಅಂಗಡಿ ಇಟ್ಟುಕೊಂಡಿದ್ದಾನೆ. ಊರಿನವರು ಅವನನ್ನು ಇಂದಿಗೂ ಟ್ರಕ್ ಎಂದೇ ಕರೆಯುವುದು. ಹದಿನಾರನೇ ವಯಸ್ಸಿಗೇ ಇನ್ನೂರ ಎಂಬತ್ತು ಪೌಂಡ್ ತೂಗುತ್ತಿದ್ದ ಪುಣ್ಯಾತ್ಮ. ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವನ ಕೆಲಸ ಒಂದೇ, ಎದುರಿನವರು ಮೈಮೇಲೆ ಬಿದ್ದರೂ ನಿಂತ ಜಾಗ ಬಿಟ್ಟು ಕದಲದಿರುವುದು. ಪಶ್ಚಿಮ ಟೆಕ್ಸಸ್‌ನಲ್ಲಿ ಅಷ್ಟು ಸಾಕು. ಕ್ಷೌರದವನು ಅವನಿಂದ ದುಡ್ಡು ಮುಟ್ಟುತ್ತಿರಲಿಲ್ಲ. ಚರ್ಚಿನ ಊಟದಲ್ಲಿ ಮುದುಕಿಯರು ಅವನ ತಟ್ಟೆಗೆ ಕರಿದ ಕೋಳಿ ಪೇರಿಸಿ, "ತಿನ್ನಪ್ಪ, ಶುಕ್ರವಾರ ಆಟ ಇದೆ" ಎಂದು ಬೆನ್ನು ಸವರುತ್ತಿದ್ದರು.

ನಾನು ರೊವೀನಾ, ಅವನಿಗಿಂತ ಒಂದು ವರ್ಷ ಚಿಕ್ಕವಳು. ನಮ್ಮಿಬ್ಬರದೂ ಅದೇ ಅಪ್ಪನ ಭುಜ, ಅದೇ ಅಜ್ಜಿಯ ಸೊಂಟ. ಆ ಮೈ ಅವನದಾದರೆ ಊರಿಗೆ ಹೆಮ್ಮೆ, ನನ್ನದಾದರೆ ಅಮ್ಮನಿಗೆ ತಲೆನೋವು. "ಆ ಬ್ರೆಡ್ ಕೆಳಗಿಡು ರೊವೀನಾ" ಎನ್ನುತ್ತಿದ್ದಳು. ಅದೇ ಬ್ರೆಡ್ಡಿಗೆ ಬೆಣ್ಣೆ ಸವರಿ ಅವನ ಮುಂದೆ ಇಡುತ್ತಿದ್ದಳು. ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ತರಗತಿಗೆ ನಾನು ಎಲ್ಲರಿಗಿಂತ ಮೊದಲೇ ಹೋಗಿ ಕೂರುತ್ತಿದ್ದೆ. ಕುರ್ಚಿಗೂ ಡೆಸ್ಕಿಗೂ ನಡುವೆ ನಾನು ತೂರಿಕೊಳ್ಳುವುದನ್ನು ಯಾರೂ ನೋಡಬಾರದು. ಮಧ್ಯಾಹ್ನ ಎಲ್ಲರೆದುರು ಒಂದು ಸೇಬು ಕಡಿಯುವುದು, ಸಂಜೆ ಗ್ಯಾರೇಜಿನಲ್ಲಿ ಬಚ್ಚಿಟ್ಟ ಬಿಸ್ಕತ್ತನ್ನು ನಿಂತಲ್ಲೇ ಮುಗಿಸುವುದು. ನಗುವವರ ಜೊತೆ ನಾನೇ ಮೊದಲು ನಗುವುದು. ಒಂದು ಸುಖವೆಂದರೆ ಪೆಪ್ ಸ್ಕ್ವಾಡ್. ಆಟದ ದಿನ ಗ್ಯಾಲರಿಯಲ್ಲಿ ನಿಂತು ನಮ್ಮ ತಂಡದ ಪರವಾಗಿ ಕಿರುಚುವ ಹುಡುಗಿಯರ ಗುಂಪು ಅದು. ಅಲ್ಲಿ ನನ್ನ ಗಂಟಲು ಎಲ್ಲರಿಗಿಂತ ದೊಡ್ಡದು, ಅದಕ್ಕೆ ಬೆಲೆಯಿತ್ತು. ಅದು ಕೈತಪ್ಪಿದರೆ ನನಗೆ ಇಡೀ ಶಾಲೆಯಲ್ಲಿ ನಿಲ್ಲಲು ಜಾಗವಿರಲಿಲ್ಲ.

ಆ ಗುಂಪಿನದೊಂದು ಪದ್ಧತಿ. ಪ್ರತಿ ಹುಡುಗಿಗೂ ಚೀಟಿಯಲ್ಲಿ ಒಬ್ಬ ಆಟಗಾರ ಬರುತ್ತಾನೆ. ಶುಕ್ರವಾರ ಬೆಳಿಗ್ಗೆ ಅವನ ಲಾಕರಿನಲ್ಲಿ ತಾನೇ ಮಾಡಿದ ತಿಂಡಿ ಇಡಬೇಕು, ಯಾರು ಇಟ್ಟದ್ದೆಂದು ಹೇಳುವಂತಿಲ್ಲ. ತಿಂಡಿಯಿಂದ ಆಟಗಾರನ ಹೊಟ್ಟೆ ಕೆಟ್ಟರೆ ಹುಡುಗಿ ಗುಂಪಿನಿಂದ ಹೊರಗೆ. ಆ ವರ್ಷ ಚೀಟಿ ಬಿಚ್ಚಿದರೆ ನನ್ನ ಪಾಲಿಗೆ ನಮ್ಮ ಮನೆಯ ಟ್ರಕ್ಕೇ!

"ಬದಲಿಸಿಕೊಡು" ಎಂದು ಗುಂಪಿನ ನಾಯಕಿ ಡಾರ್ಲಾಳನ್ನು ಕೇಳಿದೆ.

"ಯಾಕೆ? ಅವನ ಹೊಟ್ಟೆ ಅಳತೆ ನಿಂಗಲ್ದೆ ಇನ್ಯಾರಿಗೆ ಗೊತ್ತು?" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಮೊದಲು ನಾನು.

ಬೇರೊಬ್ಬನಿಗೆಂದು ಮನೆಯಲ್ಲಿ ಸುಳ್ಳು ಹೇಳಿ ಐದು ಗುರುವಾರ ಚಾಕೊಲೇಟ್ ಕೇಕು ಮಾಡಿದೆ. ಚಮಚ ನೆಕ್ಕದಂತೆ ಅಮ್ಮ ಪಕ್ಕದಲ್ಲೇ ಕಾವಲು. ಆರನೆಯ ಗುರುವಾರ ಪಕ್ಕದ ಮನೆಯವಳು ಬಂದು, "ಪಾಪ, ಇವಳೂ ಗಂಡಾಗಿ ಹುಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದಳು. ಅಮ್ಮ ಹೌದೆಂದು ತಲೆಯಾಡಿಸಿದಳು. ಅವಳನ್ನು ಬಾಗಿಲವರೆಗೆ ಬಿಟ್ಟುಬರಲು ಅಮ್ಮ ಹೋದಾಗ ಹಿಟ್ಟಿಗೆ ಒಂದು ಹಿಡಿ ಉಪ್ಪು ಸುರಿದೆ.

ಬೆಳಿಗ್ಗೆ ಲಾಕರಿನ ಸುತ್ತ ತಂಡದ ಹುಡುಗರು ಸೇರಿದ್ದರು. ಒಬ್ಬ ಗಡಿಯಾರ ಹಿಡಿದು, "ಹೋದ ವಾರ ನಾಲ್ಕು ನಿಮಿಷ! ಟ್ರಕ್, ಈ ಸಲ ಮೂರರಲ್ಲಿ ಮುಗಿಸ್ಲೇಬೇಕು ಮಗನೇ!" ಎಂದು ಕೂಗಿದ. ಅಣ್ಣ ಮೊದಲ ತುತ್ತು ಬಾಯಿಗಿಟ್ಟ. ಅವನ ದವಡೆ ನಿಂತಿತು. ತಲೆಯೆತ್ತಿ ಕಾರಿಡಾರಿನ ಕೊನೆಯಲ್ಲಿದ್ದ ನನ್ನನ್ನು ನೋಡಿದ. ಮತ್ತೆ ತಲೆ ತಗ್ಗಿಸಿ ಇಡೀ ಕೇಕು ತಿಂದು, ಖಾಲಿ ತಟ್ಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದ. ಎಲ್ಲರೂ ಹೋ ಎಂದು ಅವನ ಬೆನ್ನಿಗೆ ಗುದ್ದಿದರು. ಉಪ್ಪು ತಿನ್ನಿಸಿದರೂ ಜೈಕಾರ ಅವನಿಗೇ ಎಂದು ನನಗೆ ಇನ್ನಷ್ಟು ಉರಿಯಿತು.

ಆಟವನ್ನೂ ಗೆದ್ದುಬಂದ. ಮಾರನೆಯ ದಿನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ತಡೆಯಲಾರದೆ ಕೇಳಿದೆ, "ಡಾರ್ಲಾಗೆ ಹೇಳ್ತೀಯಾ?"

"ಏನಂತ? ನೀನು ಅಂತ ಮೊದಲನೇ ವಾರಾನೇ ಗೊತ್ತಿತ್ತು. ಅಮ್ಮನ ತಟ್ಟೆ ಗುರುತು ಸಿಗಲ್ವಾ?"

"ಮತ್ತೆ ಯಾಕೋ ತಿಂದೆ? ಉಗೀಬೇಕಿತ್ತು."

"ಎಲ್ಲಾ ನೋಡ್ತಾ ಇದ್ರಲ್ಲೇ. ತಿನ್ನದೇ ಇರೋ ಟ್ರಕ್ ಯಾರಿಗೆ ಬೇಕು? ಆವಾಗ ನಾನು ಬರೀ ದಪ್ಪ ಹುಡುಗ." ಅವನು ಉಗುರು ಕೆರೆಯುತ್ತ ಕೂತಿದ್ದ. "ಆಮೇಲೆ ಶಾಲೆ ಶೆಡ್ ಹಿಂದೆ ಹೋಗಿ ವಾಂತಿ ಮಾಡ್ದೆ."

"ಉಪ್ಪು ಜಾಸ್ತಿ ಆಗಿತ್ತು," ಎಂದೆ.

"ಉಪ್ಪಿಂದಲ್ಲ ಕಣೇ. ನೀನು ಸಕ್ಕರೆ ಹಾಕಿದ ಐದು ವಾರಾನೂ ಮಾಡಿದೀನಿ. ನಿಂಗಾದ್ರೆ ಅಮ್ಮ ಬೇಡ ಅಂತಾಳೆ. ನಂಗೆ ಯಾರೂ ಅನ್ನಲ್ಲ. ನಿನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ," ಎಂದ.

ನನ್ನನ್ನು ನೋಡಿ! ನಗು ಬಂದರೂ ನಗಲಾಗಲಿಲ್ಲ.

ಅಷ್ಟರಲ್ಲಿ ಅಮ್ಮ ಬಂದು, ಗೆದ್ದ ಖುಷಿಯಲ್ಲಿ ಆರು ಮೊಟ್ಟೆ ಒಡೆದು, ಹಂದಿಮಾಂಸ ಹುರಿದು, ತಟ್ಟೆಯನ್ನು ಅವನ ಮುಂದಿಟ್ಟಳು. ಅಣ್ಣನ ಮುಖ ಬಿಳುಚಿತು.

"ಬೇಡಮ್ಮ, ಅವನಿಗೆ ಹಾಕ್ಬೇಡ," ಎಂದೆ.

ಅಮ್ಮ ತಿರುಗಿ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. "ಅಣ್ಣನ ತಟ್ಟೆ ಮೇಲೂ ಬಿತ್ತಾ ನಿನ್ನ ಕಣ್ಣು? ಅವನು ತಿಂದ್ರೆ ಸಹಿಸಲ್ವಾ?"

ಅಣ್ಣ ಫೋರ್ಕ್ ಎತ್ತಿಕೊಂಡ. ಅಮ್ಮನ ಮಾತು ಸುಳ್ಳೂ ಆಗಿರಲಿಲ್ಲ. ಅಣ್ಣನ ಬಾಯಿಂದ ಅಷ್ಟೆಲ್ಲ ಕೇಳಿದ ಮೇಲೂ, ಆ ತಟ್ಟೆಯನ್ನು ಅಮ್ಮ ಒಂದು ಸಲ ನನ್ನ ಮುಂದೆ ಇಡಬಾರದಿತ್ತೇ ಎಂದೇ ನನಗನ್ನಿಸುತ್ತಿತ್ತು.