ತಾಮ್ರದ ಟೇಪು ಮತ್ತು ಅದರ ಅಂಟು

ನಾಶಿಕದಲ್ಲಿ ನಾನು ಕೆಲಸ ಮಾಡುವುದು ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ. ಮಾಲೀಕರು ಬೆಳಗಾವಿ ಕಡೆಯವರು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ ಇದನ್ನು ತೆರೆದರು. ನಾನು ಧಾರವಾಡದವಳಾದ್ದರಿಂದ ನಮ್ಮ ಜಗಳವೆಲ್ಲ ಕನ್ನಡದಲ್ಲೇ.

ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಯೊಬ್ಬರು ದೂರು ತಂದಿದ್ದರು. ಪಕ್ಕದಲ್ಲಿ ಮೊಬೈಲ್ ರಿಂಗಾದರೆ ನಮ್ಮ ತಕ್ಕಡಿಯ ತೂಕ ತಾನಾಗಿಯೇ ಏರಿಳಿಯುತ್ತಿತ್ತು. ಪ್ಲಾಸ್ಟಿಕ್ ಡಬ್ಬಿಯ ಒಳಗೆಲ್ಲ ತಾಮ್ರದ ಟೇಪು ಹಚ್ಚಿದರೆ ರೇಡಿಯೊ ಅಲೆಗಳಿಗೆ ತಡೆಯಾಗುತ್ತದೆ ಎಂದೆ. ಆದರೆ ಟೇಪಿನ ಅಂಟಿನಲ್ಲೂ ವಿದ್ಯುತ್ ಹರಿಯಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಅಂಟಿಸಿದ ಪಟ್ಟಿಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ ಎಂದೂ ಬಿಡಿಸಿ ಹೇಳಿದೆ. ಮಾಲೀಕರು ತಲೆಯಾಡಿಸಿ, ಹೂಕುಂಡಕ್ಕೆ ಬಸವನಹುಳು ಹತ್ತದಂತೆ ಸುತ್ತುವ ತಾಮ್ರದ ಟೇಪನ್ನು ತರಿಸಿದರು.

“ತಾಮ್ರ ಅಂದ್ರ ತಾಮ್ರನ. ಅಂಟು ಯಾರಿಗೆ ಕಾಣತೈತ್ರಿ?”

ಪಟ್ಟಿಗಳನ್ನು ಅಂಟಿಸಿ, ವಿದ್ಯುತ್ ಹರಿದರೆ ಬೀಪ್ ಎನ್ನುವ ಮೀಟರ್ ಹಿಡಿದು ತೋರಿಸಿದೆ. ಒಂದೇ ಪಟ್ಟಿಯ ಮೇಲೆ ಬೀಪ್ ಎನ್ನುತ್ತಿದ್ದದ್ದು, ಒಂದರಿಂದ ಮತ್ತೊಂದಕ್ಕೆ ಇಟ್ಟರೆ ಸುಮ್ಮನಾಗುತ್ತಿತ್ತು. ಮೀಟರಿನ ಸೆಲ್ ಬದಲಿಸಲು ಹೇಳಿದರು.

ಆ ಟೇಪನ್ನೇ ಒಳಗೆ ಹಚ್ಚಿದ ತಕ್ಕಡಿಯನ್ನು ಕಾರಿನಲ್ಲಿಟ್ಟುಕೊಂಡು ಪರೀಕ್ಷೆಗೆಂದು ಸಂಭಾಜಿನಗರದ ಲ್ಯಾಬಿಗೆ ಹೋದೆವು. ದಾರಿಯುದ್ದಕ್ಕೂ ಅವರು ವಿಮಾನದ ಕಥೆ ಹೇಳಿದರು. ಲ್ಯಾಬಿನವರು ಅದನ್ನು ಪರೀಕ್ಷೆಯ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ರೇಡಿಯೊ ಅಲೆ ಬಿಟ್ಟದ್ದೇ ತಡ, ಖಾಲಿ ತಕ್ಕಡಿ ಒಂದು ಚೀಲ ಈರುಳ್ಳಿಯಷ್ಟು ತೂಕ ತೋರಿಸಿತು. ಮಾಲೀಕರು ದೋಷ ಲ್ಯಾಬಿನ ಕೋಣೆಯಲ್ಲೇ ಇದೆ ಎಂದು ಮರಾಠಿಯಲ್ಲಿ ವಾದಕ್ಕೆ ನಿಂತರು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

ವಾದ ನಡೆದಿರುವಾಗಲೇ ಲ್ಯಾಬಿನವರಿಂದ ಸೋಲ್ಡರಿಂಗ್ ಐರನ್ ಇಸಿದುಕೊಂಡು, ಡಬ್ಬಿ ಬಿಚ್ಚಿ, ಪಟ್ಟಿಗಳು ಕೂಡುವಲ್ಲೆಲ್ಲ ಬೆಸುಗೆ ಹಾಕುತ್ತ ಹೋದೆ. ಸ್ವಲ್ಪ ಹೆಚ್ಚು ಹೊತ್ತು ಒತ್ತಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಬೆರಳೂ ಸುಟ್ಟುಕೊಂಡೆ. ಮತ್ತೆ ಪರೀಕ್ಷೆಗಿಟ್ಟಾಗ ತೂಕ ಸೊನ್ನೆಯಿಂದ ಕದಲಲಿಲ್ಲ.

ಈಗಲಾದರೂ ಒಪ್ಪುತ್ತಾರೆ ಅಂದುಕೊಂಡರೆ, ಕಾರಿನ ಬಾಗಿಲು ತೆಗೆಯುತ್ತ ಅವರು, “ನೋಡ್ರಿ, ಟೇಪ್ ಪಾಸಾತು. ಸುಮ್ನ ಹೆದರಸ್ತಿದ್ರಿ ನೀವು,” ಎಂದರು.

“ಪಾಸಾಗಿದ್ದು ಬೆಸಿಗೀರಿ, ಸರ್.”

“ಅದೂ ಟೇಪಿನ ಮ್ಯಾಲೇ ಹಾಕೀರಲ್ರಿ.”

ಅದೇ ವಾರ ಅದೇ ಟೇಪಿನ ದೊಡ್ಡ ಪೆಟ್ಟಿಗೆ ಬಂದಿಳಿಯಿತು. ದೂರುಗಳು ನಿಂತವು, ನಿಜ. ಆದರೆ ಡಬ್ಬಿ ಡಬ್ಬಿಗೂ ಬೆಸುಗೆ ಹಾಕಬೇಕಾದ ನಮ್ಮ ಕಾರ್ಖಾನೆಯ ಹೆಂಗಸರು, ಈ ಉಪಾಯ ನನ್ನದೆಂದು ತಿಳಿದು, ಊಟದ ಹೊತ್ತಿಗೆ ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ.